ಮೇಲಿನ ಕೆಂಡ, ಒಳಗಿನ ಗಡ್ಡೆ

ಸಂಕ್ರಾಂತಿಯ ಆಸುಪಾಸಿನಲ್ಲಿ ಜೋಯಿಡಾ ಕಡೆಯ ಕುಣಬಿ ಮನೆಗಳ ಅಂಗಳಕ್ಕೆ ಹೋದರೆ ಮಣ್ಣು ಮೆತ್ತಿದ ಗಡ್ಡೆಗಳ ರಾಶಿ ಕಾಣುತ್ತದೆ. ಆನೆಯ ಪಾದದಂತೆ ಹರಡಿಕೊಂಡ ಕೋನ್, ತೋಳಿನಷ್ಟು ದಪ್ಪನೆಯ ಮುಡ್ಲಿ, ಬೆರಳುದ್ದದ ರೋಮ ರೋಮದ ಕಣಗ, ಪಕ್ಕದಲ್ಲಿ ಸುವರ್ಣಗಡ್ಡೆ, ಕೆಸುವು, ಮರಗೆಣಸು. ಇದೇ ಗಡ್ಡೆಗಳನ್ನು ತೆಳ್ಳಗೆ ಬಿಲ್ಲೆ ಕೊಯ್ದು, ಹಾಲು ಹೊಯ್ದು, ಮೇಲೆ ಕಂದು ಹೊರಪದರ ಬರುವ ತನಕ ಬೇಯಿಸುವ ಅಡುಗೆ ಈಗ ದಾಂಡೇಲಿ, ಹಳಿಯಾಳ, ಮುಂಡಗೋಡದ ಕೆಲವು ಮನೆಗಳಲ್ಲೂ ಬೇರೂರುತ್ತಿದೆ. ಅದಕ್ಕೆ ಗ್ರಾಟಿನ್ ಎಂಬ ಪರದೇಶಿ ಹೆಸರಿದೆ. ಹೆಸರು ಹೊಸದು. ಅದರ ಹಿಂದಿರುವ ಅಡುಗೆಯ ಬುದ್ಧಿ ಈ ಕಾಡಂಚಿಗೆ ಎಷ್ಟು ಹಳೆಯದು, ಹೊಸದಾಗಿ ಕಲಿಯಬೇಕಾದದ್ದು ಎಷ್ಟು ಎಂದು ಹುಡುಕುತ್ತ ಹೋದದ್ದರ ಫಲ ಈ ಬರಹ.

ಮೊದಲು ಹೆಸರಿನ ಮಾತು. ಫ್ರೆಂಚ್ ಭಾಷೆಯಲ್ಲಿ ಅದರ ಮೂಲ ಧಾತುವಿಗೆ ಕೆರೆಯುವುದು ಎಂದರ್ಥ. ಪಾತ್ರೆಗೆ ಹತ್ತಿಕೊಂಡ ಗರಿಗರಿ ಪದರವನ್ನು ಕೆರೆದು ತಿನ್ನುವ ಆಸೆಯಿಂದ ಹುಟ್ಟಿದ ಅಡುಗೆ ಅದು. ಹಾಲು ಕಾಸಿದ ತಪ್ಪಲೆಯ ತಳವನ್ನು ಚಮಚದಿಂದ ಕೆರೆಯಲು ಮಕ್ಕಳು ಜಗಳವಾಡುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲೂಗಡ್ಡೆಯ ಪ್ರಸಿದ್ಧ ಗ್ರಾಟಿನ್ ಆಗ್ನೇಯ ಫ್ರಾನ್ಸಿನ ದೋಫಿನೆ ಪ್ರಾಂತದ್ದು. 1788ರ ಜುಲೈ 12ರಂದು ಕ್ಲೆರ್ಮೋಂ-ತೊನ್ನೇರ್ ಮನೆತನದ ಡ್ಯೂಕ್ ಗಾಪ್ ಪಟ್ಟಣದ ಅಧಿಕಾರಿಗಳಿಗೆ ಕೊಟ್ಟ ಊಟದಲ್ಲಿ ಅದರ ಹೆಸರು ದಾಖಲಾಗಿದೆ. ನಮ್ಮವರು ಗಮನಿಸಬೇಕಾದದ್ದು ಒಂದಿದೆ: ಸಂಪ್ರದಾಯ ಬಿಡದ ದೋಫಿನೆಯವರು ಅದಕ್ಕೆ ಚೀಸ್ ಹಾಕುವುದಿಲ್ಲ. ಆಲೂಗಡ್ಡೆ, ಹಾಲು, ಕೆನೆ, ಬೆಳ್ಳುಳ್ಳಿ, ಅಷ್ಟೇ. ಗಡ್ಡೆಯ ಪಿಷ್ಟವೇ ಹಾಲನ್ನು ಗಟ್ಟಿ ಮಾಡುತ್ತದೆ, ಕೆನೆಯೇ ಮೇಲೆ ಕಂದಾಗುತ್ತದೆ. ಚೀಸ್ ಇಲ್ಲದೆ ಗ್ರಾಟಿನ್ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಕೂತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈ ಅಡುಗೆಯ ಜೀವ ಇರುವುದು ಮೇಲಿನಿಂದ ಬರುವ ಬೆಂಕಿಯಲ್ಲಿ. ನಮ್ಮ ಒಲೆ ಕೆಳಗಿನಿಂದ ಉರಿಯುವಂಥದು. ಆದರೂ ಮೇಲಿನ ಬೆಂಕಿ ಈ ಸೀಮೆಗೆ ಅಪರಿಚಿತವಲ್ಲ. ಜೋಯಿಡಾದ ಗಡಿ ದಾಟಿದರೆ ಗೋವಾ. ಅಲ್ಲಿನ ಬಿಬಿಂಕಾವನ್ನು ಪದರದ ಮೇಲೆ ಪದರ ಹೊಯ್ದು, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹಾಕಿ, ಮೇಲಿನ ಕಾವಿನಲ್ಲೇ ಒಂದೊಂದು ಪದರವನ್ನೂ ಕಂದಾಗಿಸುತ್ತಾರೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿಯ ಧೋಂಡಸ್ ಬೇಯುತ್ತಿದ್ದದ್ದೂ ಹೀಗೆಯೇ, ಕೆಳಗೆ ಸಣ್ಣ ಉರಿ, ಮೇಲೆ ಕೆಂಡದ ತಟ್ಟೆ. ಇನ್ನು ಗಡ್ಡೆಯ ವಿಷಯಕ್ಕೆ ಬಂದರೆ, ಒಲೆ ಆರಿಸಿದ ಮೇಲೆ ಉಳಿದ ಬಿಸಿ ಬೂದಿಯಲ್ಲಿ ಗೆಣಸು, ಕಣಗ ಹೂತಿಟ್ಟು ಸುಡುವುದು ಎಲ್ಲಕ್ಕಿಂತ ಹಳೆಯ ಬಗೆ. ಕುಣಬಿಯರು, ಸಿದ್ದಿಯರು, ಗೌಳಿಗಳು, ಕಾಡಿನ ಪಕ್ಕದ ಯಾರೇ ಆಗಲಿ, ಇದಕ್ಕೆ ಪಾಠ ಹೇಳಿಸಿಕೊಂಡವರಲ್ಲ.

ಬೂದಿಯಲ್ಲಿ ಸುಟ್ಟ ಗೆಣಸು ಕುಕ್ಕರಿನ ಗೆಣಸಿಗಿಂತ ಸಿಹಿ ಯಾಕೆ? ಗೆಣಸಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವಿದೆ. ಗಡ್ಡೆಯ ಒಳಗಿನ ಬಿಸಿ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಷ್ಟು ಹೊತ್ತು ಅದು ಚುರುಕಾಗಿ ಕೆಲಸ ಮಾಡುತ್ತದೆ, ಅದನ್ನು ದಾಟಿದರೆ ಸಾಯುತ್ತದೆ. ಬೂದಿ ನಿಧಾನವಾಗಿ ಕಾಯಿಸುವುದರಿಂದ ಕಿಣ್ವಕ್ಕೆ ಸಮಯ ಸಿಗುತ್ತದೆ. ಕುಕ್ಕರ್ ಕೆಲವೇ ನಿಮಿಷದಲ್ಲಿ ಆ ಹಂತ ದಾಟಿಸಿಬಿಡುತ್ತದೆ. ಗೆಣಸಿನ ಗ್ರಾಟಿನ್ ಮಾಡುವವರು ಮೊದಲ ಅರ್ಧ ಗಂಟೆ ಓವನ್ ಶಾಖ ತಗ್ಗಿಸಿ ಇಡಬೇಕು ಎನ್ನುವುದು ಬೂದಿ ಕಲಿಸಿದ ಪಾಠವೇ.

ಬರಹದ ಪರಂಪರೆಯಲ್ಲಿ ಗಡ್ಡೆಗೆ ಅಷ್ಟು ಮರ್ಯಾದೆ ಸಿಗಲಿಲ್ಲ. 16ನೇ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರ ಬದನೆ, ಹಲಸು, ಬಾಳೆ, ಕಳಲೆಗಳಿಗೆ ವಿಸ್ತಾರವಾಗಿ ಜಾಗ ಕೊಡುತ್ತದೆ. ಮಂಗರಸ ಜೈನ, ಜೈನರ ಅಡುಗೆಮನೆಗೆ ನೆಲದಡಿಯ ಗಡ್ಡೆ ನಿಷಿದ್ಧ. ಕಂದಮೂಲ ಎಂದರೆ ಋಷಿಗಳ ಆಹಾರ ಇಲ್ಲವೇ ಬರಗಾಲದ ಆಹಾರ ಎಂಬ ಭಾವ ಬೇರೆ ಮನೆಗಳಲ್ಲೂ ಇತ್ತು. ಹಾಗಾಗಿ ಗಡ್ಡೆಯ ಅಡುಗೆಯ ಚರಿತ್ರೆ ಕಾಗದದಲ್ಲಿ ಕಡಿಮೆ, ಕೈಗಳಲ್ಲಿ ಹೆಚ್ಚು.

ಆಲೂಗಡ್ಡೆ, ಗೆಣಸು, ಮರಗೆಣಸು ಮೂರೂ ಅಮೆರಿಕ ಖಂಡದಿಂದ ಬಂದವು. ಪಶ್ಚಿಮ ಕರಾವಳಿಯಲ್ಲಿ ಅವುಗಳ ಹಾದಿ ಹೆಚ್ಚಾಗಿ ಪೋರ್ಚುಗೀಸರದು. ಇಲ್ಲಿ ಇಂದಿಗೂ ಆಲೂಗಡ್ಡೆಯನ್ನು ಬಟಾಟೆ ಎನ್ನುತ್ತೇವಲ್ಲ, ಅದು ಪೋರ್ಚುಗೀಸ್ ಮಾತೇ. ಸುವರ್ಣಗಡ್ಡೆ, ಕೆಸುವು, ಕೋನ್ ಅದಕ್ಕೂ ಹಿಂದಿನಿಂದ ಏಷ್ಯಾದ ಮಣ್ಣಿನವು. ಗ್ರಾಟಿನ್ ಮಾಡುವಾಗ ಈ ಎರಡು ಗುಂಪಿನ ಭೇದ ಎಷ್ಟು ದೊಡ್ಡದು ಎಂಬುದು ಮುಂದೆ ಗೊತ್ತಾಗುತ್ತದೆ.

ದಾಂಡೇಲಿಯ ಕಥೆ ಬೇರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನಾನಾ ಕಡೆಯ ಜನರನ್ನು ಕಾಳಿ ನದಿಯ ದಂಡೆಗೆ ತಂದಿತು. ಆ ಕಾಲದ ಭಾರತದ ಕ್ಲಬ್ಬು, ರೈಲ್ವೆ ಊಟ, ಅತಿಥಿಗೃಹಗಳಲ್ಲಿ ಬೇಕ್ಡ್ ವೆಜಿಟೇಬಲ್ ಎಂಬ ಒಂದು ತಿನಿಸು ಇತ್ತು: ಬೇಯಿಸಿದ ಬೀನ್ಸ್, ಕ್ಯಾರೆಟ್, ಬಟಾಟೆಗೆ ಮೈದಾದ ಬಿಳಿ ಸಾಸ್ ಹೊಯ್ದು, ಡಬ್ಬಿಯ ಚೀಸ್ ತುರಿದು, ಕೆಂಪಗೆ ಬೇಯಿಸಿದ್ದು. ಕಾರ್ಖಾನೆಯ ಊರುಗಳಲ್ಲಿ ಗ್ರಾಟಿನ್ ಎಂದರೆ ಬಹುಕಾಲ ಇದೇ. ಮೈದಾದ ಅಂಟಿನಲ್ಲಿ ತರಕಾರಿಯ ರುಚಿ ಮುಳುಗಿಹೋಗುವ ಆ ಬಗೆ ನನಗೆ ಎಂದೂ ಹಿಡಿಸಲಿಲ್ಲ. ಆದರೂ ಮನೆಮನೆಗೆ ಗುಂಡನೆಯ ಅಲ್ಯುಮಿನಿಯಂ ವಿದ್ಯುತ್ ಓವನ್ ಬಂದದ್ದರಲ್ಲಿ, ಕೇಕಿನ ಜೊತೆ ಖಾರದ್ದನ್ನೂ ಅದರಲ್ಲಿ ಬೇಯಿಸಬಹುದು ಎಂದು ಗೊತ್ತಾದದ್ದರಲ್ಲಿ ಅದರ ಪಾಲು ಇದೆ. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಮರಳು ಹಾಕಿ, ಸೀಟಿ ತೆಗೆದು, ಒಳಗೆ ಪಾತ್ರೆ ಇಟ್ಟು ಬೇಯಿಸಿದರು. ಅದರಲ್ಲಿ ಮೇಲ್ಭಾಗ ಕಂದಾಗುವುದಿಲ್ಲ. ಅದಕ್ಕೆ ಸುಲಭದ ಉಪಾಯವಿದೆ: ಕಬ್ಬಿಣದ ದೋಸೆಕಲ್ಲನ್ನು ಹೊಗೆಯೇಳುವಂತೆ ಕಾಯಿಸಿ, ಪಾತ್ರೆಯ ಮೇಲೆ ಎರಡು ಬೆರಳು ಅಂತರದಲ್ಲಿ ಐದು ನಿಮಿಷ ಇಡುವುದು. ಯುರೋಪಿನ ಹಳೆಯ ಅಡುಗೆಮನೆಗಳಲ್ಲಿ ಉದ್ದ ಹಿಡಿಯ ಕಬ್ಬಿಣದ ಬಿಲ್ಲೆಯನ್ನು ಕಾಯಿಸಿ ಮಾಡುತ್ತಿದ್ದದ್ದೂ ಇದನ್ನೇ. ಈಗಿನ ಓಟಿಜಿ ಓವನ್ನಿನಲ್ಲಿ ಮೇಲಿನ ಕಂಬಿ ಮಾತ್ರ ಉರಿಸುವ ಗುಂಡಿ ಇರುವುದರಿಂದ ಆ ಕಷ್ಟವೂ ತಪ್ಪಿದೆ.

ನಿಜವಾದ ಕಷ್ಟ ಬಂದದ್ದು ಬಟಾಟೆಯನ್ನು ಬಿಟ್ಟು ಊರಿನ ಗಡ್ಡೆಗೆ ಕೈ ಹಾಕಿದಾಗ. ಬಟಾಟೆ ಸಾಧು ಗಡ್ಡೆ. ಮೂರು ಮಿಲಿಮೀಟರ್ ಬಿಲ್ಲೆ ಕೊಯ್ದು, ತೊಳೆಯದೆ (ತೊಳೆದರೆ ಪಿಷ್ಟ ಹೋಗುತ್ತದೆ), ಉಪ್ಪು, ಮೆಣಸಿನಪುಡಿ, ಹಾಲು ಹಾಕಿ 180 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ತಾನೇ ಗಟ್ಟಿಯಾಗಿ ಕೂರುತ್ತದೆ. ಸುವರ್ಣಗಡ್ಡೆ, ಕೆಸುವು, ಮುಡ್ಲಿ ಹಾಗಲ್ಲ. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಗಂಟಲು ಕೆರೆಯುವುದು ಅದರಿಂದ. ಒಲೆಯ ಮೇಲಿನ ಕುದಿಯಲ್ಲಿ ತುರಿಕೆ ಇಳಿಯುವಷ್ಟು ಓವನ್ನಿನ ಮೆತ್ತನೆ ಶಾಖದಲ್ಲಿ ಇಳಿಯುವುದಿಲ್ಲ. ನಮ್ಮ ಹಿರಿಯರು ಈ ಗಡ್ಡೆಗಳನ್ನು ಹುಣಸೆ, ವಾಟೆಹುಳಿ, ಮುರುಗಲು ಇಲ್ಲದೆ ಬೇಯಿಸಿದ್ದೇ ಇಲ್ಲ. ಗ್ರಾಟಿನ್ ಮಾಡಬೇಕೆಂದರೆ ಹಾಲು ಬೇಕು. ಹುಳಿಯೂ ಹಾಲೂ ಸೇರಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು.

ನಾನೇ ಮೊದಲ ಸಲ ಸುವರ್ಣಗಡ್ಡೆಯನ್ನು ಹುಣಸೆನೀರಿನಲ್ಲಿ ಬೇಯಿಸಿ, ಬಸಿದು, ನೇರ ಹಾಲಿಗೆ ಹಾಕಿದಾಗ ಒಂದು ಲೀಟರ್ ಎಮ್ಮೆ ಹಾಲು ಒಡೆದು ಪಾತ್ರೆಯಲ್ಲಿ ನೀರು ಒಂದು ಕಡೆ, ಗಿಣ್ಣ ಒಂದು ಕಡೆ ಆಗಿತ್ತು. ಆಮೇಲೆ ತಿಳಿದ ದಾರಿ ಹೀಗೆ. ದಪ್ಪ ಸಿಪ್ಪೆ ತೆಗೆದು ಕೊಯ್ದ ಬಿಲ್ಲೆಗಳನ್ನು ಹುಣಸೆ, ಉಪ್ಪು, ಅರಿಸಿನದ ನೀರಿನಲ್ಲಿ ಚೆನ್ನಾಗಿ ಕುದಿಸಿ ಆ ನೀರು ಚೆಲ್ಲಬೇಕು. ಎರಡು ಸಲ ಬಿಸಿನೀರಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಬೇಕು. ಹಾಲಿಗೆ ಲೀಟರಿಗೆ ಎರಡು ದೊಡ್ಡ ಚಮಚ ಅಕ್ಕಿಹಿಟ್ಟು ಕದಡಿ ಮೊದಲೇ ಕಾಸಿ ಗಂಜಿಯಂತೆ ಮಾಡಿಕೊಳ್ಳಬೇಕು. ಪಿಷ್ಟ ಸುತ್ತುವರಿದ ಹಾಲು ಉಳಿದ ಅಲ್ಪಸ್ವಲ್ಪ ಹುಳಿಗೆ ಸುಲಭವಾಗಿ ಒಡೆಯುವುದಿಲ್ಲ. ತೆಂಗಿನಹಾಲಿಗೂ ಇದೇ ಉಪಾಯ ಒದಗುತ್ತದೆ. ಹಾಲಿನಿಂದ ಇನ್ನೊಂದು ಉಪಕಾರವಿದೆ: ನೀರಿನಲ್ಲಿ ಕರಗುವ ಆಕ್ಸಲೇಟನ್ನು ಹಾಲಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಅದು ಮೈಗೆ ಸೇರುವುದು ಕಡಿಮೆಯಾಗುತ್ತದೆ. ಫ್ರಾನ್ಸಿನ ಪುಸ್ತಕದಲ್ಲಿ ಈ ಮೆಟ್ಟಿಲುಗಳು ಇರಲು ಸಾಧ್ಯವಿಲ್ಲ, ಅವರ ಗಡ್ಡೆ ತುರಿಸುವುದಿಲ್ಲ. ಹುಳಿನೀರಿನ ಕುದಿ ಅಜ್ಜಿಯರದು, ಹಾಲಿನ ಗಂಜಿ ಈ ತಲೆಮಾರು ಸೇರಿಸಿದ್ದು. ಈ ಸೀಮೆಯ ಗ್ರಾಟಿನ್ ತನ್ನದಾಗಿ ಏನನ್ನಾದರೂ ಸಾಧಿಸಿದ್ದರೆ ಇದೇ ಜೋಡಣೆ ಎಂದು ನನ್ನ ಖಚಿತ ಅಭಿಪ್ರಾಯ.

ಮರಗೆಣಸಿಗೆ ಬೇರೆ ಎಚ್ಚರ ಬೇಕು. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ, ಸಿಪ್ಪೆಯಲ್ಲಿ ಹೆಚ್ಚು. ಹಸಿ ಬಿಲ್ಲೆಯನ್ನು ನೇರ ಹಾಲಿಗೆ ಹಾಕಿ ಓವನ್ನಿಗೆ ಇಡಲೇಬಾರದು. ಸಿಪ್ಪೆಯನ್ನು ಪೂರ್ತಿ ತೆಗೆದು, ಸಣ್ಣಗೆ ಕೊಯ್ದು, ಧಾರಾಳ ನೀರಿನಲ್ಲಿ ಮುಚ್ಚಳವಿಲ್ಲದೆ ಕುದಿಸಿ ನೀರು ಚೆಲ್ಲಬೇಕು, ನಡುವಿನ ನಾರು ಕಿತ್ತುಹಾಕಬೇಕು. ಕಾಡಿನ ಕಹಿ ಗೆಣಸುಗಳನ್ನಂತೂ ಬಲ್ಲವರ ಕೈಯಿಂದಲೇ ಪಡೆಯಬೇಕು. ಇವೆಲ್ಲಕ್ಕೆ ಹೋಲಿಸಿದರೆ ಕೋನ್ ಗ್ರಾಟಿನ್‌ಗೆಂದೇ ಹುಟ್ಟಿದಂತಿದೆ. ಬಿಳಿಯದಾಗಲಿ ನೇರಳೆಯದಾಗಲಿ, ಕೊಯ್ದಾಗ ಬರುವ ಲೋಳೆ ಬೆಂದ ಮೇಲೆ ಬಿಲ್ಲೆಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಚಾಕು ಹಾಕಿದರೆ ಹಲ್ವದಂತೆ ತುಂಡು ಬೀಳುತ್ತದೆ.

ಹಾಲಿನ ವಿಷಯದಲ್ಲಿ ಈ ಸೀಮೆ ಪುಣ್ಯ ಮಾಡಿದೆ. ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನಲ್ಲಿ ಎಮ್ಮೆ ಸಾಕುವ ದನಗರ ಗೌಳಿಗಳ ದೊಡ್ಡಿಗಳಿವೆ. ಹಸುವಿನ ಹಾಲಿನಲ್ಲಿ ಸುಮಾರು 4 ಶೇಕಡಾ ಕೊಬ್ಬಿದ್ದರೆ ಎಮ್ಮೆ ಹಾಲಿನಲ್ಲಿ 7ರ ಹತ್ತಿರ. ಆ ಹಾಲಿಗೆ ಬೇರೆ ಕೆನೆ ಬೇಕಿಲ್ಲ, ಮೇಲ್ಪದರಕ್ಕೆ ಚೀಸೂ ಬೇಕಿಲ್ಲ. ಕಾಸಿ ಆರಿಸಿದ ಹಾಲಿನ ಕೆನೆಯನ್ನು ಎತ್ತಿ ಮೇಲೆ ಹರಡಿ, ಬೇಕರಿಯ ಟೋಸ್ಟನ್ನು ತರಿತರಿಯಾಗಿ ಕುಟ್ಟಿ ಉದುರಿಸಿದರೆ ಸಾಕು. ಮುಂಡಗೋಡದ್ದು ಇನ್ನೊಂದು ಬಗೆ. 1966ರಲ್ಲಿ ನೆಲೆಯಾದ ಡೋಗುಲಿಂಗ್ ಟಿಬೆಟನ್ ವಸಾಹತಿನ ಅಡುಗೆಮನೆಗಳಲ್ಲಿ ಹಬೆಯದೇ ದರ್ಬಾರು, ಬೇಕಿಂಗ್ ಕಡಿಮೆ. ಆದರೆ ಓವನ್ ಇಲ್ಲದೆ ಮುಚ್ಚಿದ ಬಾಣಲೆಯಲ್ಲಿ ಬಾಲೆಪ್ ಎಂಬ ದಪ್ಪ ರೊಟ್ಟಿ ಬೇಯಿಸುವ ಅವರ ತಾಳ್ಮೆ ನೋಡಿದರೆ, ಸಣ್ಣ ಉರಿ ಮತ್ತು ಭಾರದ ಮುಚ್ಚಳ ಎರಡರಿಂದ ಎಷ್ಟು ಸಾಧ್ಯ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಗಡ್ಡೆ ಇರಬೇಕಲ್ಲ. 1963ರಲ್ಲಿ ತಿರುವನಂತಪುರದಲ್ಲಿ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಶುರುವಾಯಿತು, ಹೆಚ್ಚು ಇಳುವರಿಯ, ಕಡಿಮೆ ತುರಿಕೆಯ ತಳಿಗಳು ಬಂದವು. ಹಳಿಯಾಳ, ದಾಂಡೇಲಿಯ ಪೇಟೆಗೆ ಗೆಣಸು ಬೆಳಗಾವಿ, ಖಾನಾಪುರದ ಹೊಲಗಳಿಂದ ಬರುತ್ತದೆ. ಕೋನ್, ಮುಡ್ಲಿ, ಕಣಗಗಳ ಬಗೆಬಗೆಯ ತಳಿ ಉಳಿದದ್ದು ಮಾತ್ರ ಕುಣಬಿ ಹೆಂಗಸರ ಹಿತ್ತಿಲಿನಲ್ಲಿ. ಸುಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸುಪಾ ಊರೇ ಮುಳುಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಸರಿದ ಮೇಲೂ, ಅಣಶಿ, ದಾಂಡೇಲಿಯ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ಮೇಲೂ ಅವರು ಈ ಬೀಜಗಡ್ಡೆ ಕೈಬಿಡಲಿಲ್ಲ. ಹಂದಿ, ಮುಳ್ಳುಹಂದಿ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಅಗೆದು ಹಾಕುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಜೋಯಿಡಾದಲ್ಲಿ ಚಳಿಗಾಲಕ್ಕೆ ನಡೆಯುತ್ತ ಬಂದಿರುವ ಗಡ್ಡೆ-ಗೆಣಸು ಮೇಳದಿಂದ ಈ ಗಡ್ಡೆಗಳಿಗೆ ಪೇಟೆಯ ಗಿರಾಕಿ ಸಿಕ್ಕಿದ್ದಾರೆ. ಬಟಾಟೆಯ ಬದಲು ಕೋನ್ ಹಾಕಿ ನೋಡೋಣ ಎಂಬ ಪ್ರಯೋಗಗಳು ಬಂದದ್ದೂ ಅಲ್ಲಿಂದ ಚೀಲ ತುಂಬಿಕೊಂಡು ಹೋದವರ ಮನೆಗಳಲ್ಲಿ.

ಮೇಳದಲ್ಲಿ ಕೋನ್ ಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಎಷ್ಟೋ ಗಡ್ಡೆಗಳಿಗೆ ತಲೆ ಇರುವುದಿಲ್ಲ. ಬಳ್ಳಿ ಅಂಟಿದ್ದ ಆ ಮೇಲಿನ ತುಂಡಿನಲ್ಲೇ ಮೊಳಕೆ ಬೇಗ ಒಡೆಯುತ್ತದೆ. ಮಾರುವ ಮುನ್ನ ಅದನ್ನು ಕೊಯ್ದು, ಕೊಯ್ದ ಬಾಯಿಗೆ ಬೂದಿ ಮೆತ್ತಿ, ಮನೆಯ ತಂಪು ಮೂಲೆಯಲ್ಲಿ ಇಡುತ್ತಾರೆ. ಮೊದಲ ಮಳೆ ಬೀಳುವ ಹೊತ್ತಿಗೆ ಅದು ಮತ್ತೆ ಗುಂಡಿಗೆ ಇಳಿಯುತ್ತದೆ. ಉಳಿದ ಭಾಗ ನಮ್ಮ ಪಾತ್ರೆಗೆ.