ನೆಲಮಾಳಿಗೆಯ ಫ್ಯಾನುಗಳು ಮತ್ತು ಹಸಿರು ಪ್ರಮಾಣಪತ್ರ: ಆಧಾರ ಮಾದರಿಯ ಪ್ರಶ್ನೆ

ಹಸಿರು ಕಟ್ಟಡಗಳ ಪ್ರಮಾಣೀಕರಣದಲ್ಲಿ ಇಂಧನದ ಅಂಕಗಳು ಒಂದು ಹೋಲಿಕೆಯ ಮೇಲೆ ನಿಂತಿವೆ. ಆಶ್ರೇ ಸಂಸ್ಥೆಯ 90.1 ಇಂಧನ ಮಾನದಂಡದ ಅನುಬಂಧ ಜಿ ವಿವರಿಸುವಂತೆ, ಕಟ್ಟಲಿರುವ ಕಟ್ಟಡದ ಪಕ್ಕದಲ್ಲಿ ಅದೇ ಅಳತೆಯ ಆಧಾರ ಮಾದರಿಯೆಂಬ ಕಲ್ಪಿತ ಕಟ್ಟಡವೊಂದನ್ನು ಇಟ್ಟು, ಎರಡರ ವಾರ್ಷಿಕ ಇಂಧನ ವೆಚ್ಚದ ಅಂತರವನ್ನು ಉಳಿತಾಯವೆಂದು ಎಣಿಸಲಾಗುತ್ತದೆ. ಕಲ್ಪಿತ ಕಟ್ಟಡ ಎಷ್ಟು ದುಂದು ಮಾಡುತ್ತದೋ ಉಳಿತಾಯವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ನೆಲಮಾಳಿಗೆಯ ವಾಹನ ನಿಲುಗಡೆಯ ಫ್ಯಾನುಗಳಲ್ಲಿ ಉಳಿತಾಯವನ್ನು ಹೀಗೆ ಉಬ್ಬಿಸುವ ದೋಷ ನುಸುಳುವುದು ಬಹಳ ಸುಲಭ. ಫ್ಯಾನುಗಳನ್ನು ನಿಯಂತ್ರಿಸುವ ಸೆನ್ಸರುಗಳ ಗುಣಮಟ್ಟಕ್ಕಿಂತಲೂ ಆಧಾರ ಮಾದರಿಯಲ್ಲಿ ಯಾವ ಗಾಳಿಯ ಪ್ರಮಾಣವನ್ನು ಹಿಡಿದೆವು ಎಂಬುದೇ ಇಲ್ಲಿ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಭಾರತದಲ್ಲಿ ನೆಲಮಾಳಿಗೆಯ ನಿಲುಗಡೆಗೆ ದಿನನಿತ್ಯದ ಬಳಕೆಯಲ್ಲಿ ಗಂಟೆಗೆ 6 ಬಾರಿ, ಬೆಂಕಿಯ ಸಂದರ್ಭದಲ್ಲಿ 12 ಬಾರಿ ಗಾಳಿ ಬದಲಾಗುವಂತೆ ವಿನ್ಯಾಸ ಮಾಡುವುದು ರೂಢಿ. ಒಂದೇ ಫ್ಯಾನು ಎರಡೂ ಕೆಲಸ ಮಾಡುವಲ್ಲಿ ಅದರ ಗಾತ್ರವನ್ನು ಬೆಂಕಿಗೆ ತಕ್ಕಂತೆ ಆರಿಸಿ, ನಿತ್ಯ ಅರ್ಧ ವೇಗದಲ್ಲಿ ಓಡಿಸಬಹುದು. 5,000 ಚದರ ಮೀಟರ್ ವಿಸ್ತೀರ್ಣದ, 3 ಮೀಟರ್ ಎತ್ತರದ ನೆಲಮಾಳಿಗೆಯೊಂದನ್ನು ಉದಾಹರಣೆಗೆ ಊಹಿಸೋಣ. 12 ಬಾರಿಗೆ ಸೆಕೆಂಡಿಗೆ 50 ಘನ ಮೀಟರ್ ಗಾಳಿ ಬೇಕು. ಒತ್ತಡ 500 ಪ್ಯಾಸ್ಕಲ್, ಒಟ್ಟು ದಕ್ಷತೆ ಶೇ. 50 ಎಂದು ಹಿಡಿದರೆ 50 ಕಿಲೋವ್ಯಾಟ್. ಫ್ಯಾನಿನ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ ಅರ್ಧ ವೇಗದಲ್ಲಿ ಬೇಕಾದದ್ದು 6.25 ಕಿಲೋವ್ಯಾಟ್ ಮಾತ್ರ. ಕಾರ್ಬನ್ ಮೋನಾಕ್ಸೈಡ್ ಸೆನ್ಸರಿನ ಆಜ್ಞೆಯಂತೆ ದಿನಕ್ಕೆ 8 ಗಂಟೆ ಹೀಗೆ ಓಡಿದರೆ ವರ್ಷಕ್ಕೆ 18,250 ಯೂನಿಟ್. ಆಧಾರ ಮಾದರಿಯ ಫ್ಯಾನು ಹಗಲಿರುಳು ಪೂರ್ಣ ವೇಗದಲ್ಲಿ ಓಡುತ್ತದೆಂದರೆ ಅದರ ಲೆಕ್ಕ 4,38,000 ಯೂನಿಟ್. ಹಗಲಿರುಳು ಅರ್ಧ ವೇಗದಲ್ಲೆಂದರೆ 54,750. ಕಟ್ಟಡ ಅದೇ, ಸೆನ್ಸರು ಅದೇ. ಉಳಿತಾಯ ಮಾತ್ರ ಒಂದರಲ್ಲಿ 4,19,750, ಇನ್ನೊಂದರಲ್ಲಿ 36,500. ಹನ್ನೊಂದು ಪಟ್ಟಿಗೂ ಮೀರಿದ ಈ ವ್ಯತ್ಯಾಸಕ್ಕೆ ಯಾವ ಯಂತ್ರವೂ ಕಾರಣವಲ್ಲ.

ಅಳವಡಿಸಿದ ಸಾಮರ್ಥ್ಯವನ್ನೇ ಲೆಕ್ಕಕ್ಕೆ ಹಿಡಿಯಬೇಕಲ್ಲವೇ ಎಂಬ ಆಕ್ಷೇಪ ಬರಬಹುದು. ವಾರ್ಷಿಕ ಇಂಧನ ಮಾದರಿ ಅಳೆಯುವುದು ಸಾಮಾನ್ಯ ಬಳಕೆಯನ್ನು. ಹೊಗೆ ಹೊರಹಾಕಲೆಂದೇ ಇರುವ ಸಾಮರ್ಥ್ಯ ಅದರಲ್ಲಿ ಸೇರದು. ಅರ್ಧ ವೇಗದಲ್ಲಿ ಮೋಟಾರು ಮತ್ತು ಡ್ರೈವಿನ ನಷ್ಟಗಳ ಪಾಲು ಹೆಚ್ಚುತ್ತದೆ ಎಂಬುದು ನಿಜ, 6.25ರ ಬದಲು 8 ಎಂದು ಹಿಡಿದರೂ ತೀರ್ಮಾನ ಅಲುಗುವುದಿಲ್ಲ. ವಿನ್ಯಾಸದ ಹಂತದಲ್ಲಿ ವಾಹನ ಸಂಚಾರ ಗೊತ್ತಿರುವುದಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬೆಂಗಳೂರಿನ ಕಚೇರಿ ಸಮುಚ್ಚಯದಲ್ಲಿ ದಟ್ಟಣೆ ಬೆಳಿಗ್ಗೆ ಮತ್ತು ಸಂಜೆ, ಮಾಲ್‌ಗಳಲ್ಲಿ ವಾರಾಂತ್ಯಕ್ಕೆ. ಆದರೂ 8 ಗಂಟೆಯನ್ನು 12ಕ್ಕೆ ಏರಿಸಿದರೆ ಅರ್ಧ ವೇಗದ ಆಧಾರದ ಉಳಿತಾಯ 36,500ರಿಂದ 27,375 ಯೂನಿಟ್ಟಿಗೆ ಇಳಿಯುತ್ತದೆ, ಅಷ್ಟೇ. ಡೀಸೆಲ್ ವಾಹನಗಳು ಹೆಚ್ಚಿರುವಲ್ಲಿ ನೈಟ್ರೋಜನ್ ಡೈಆಕ್ಸೈಡನ್ನೂ ಅಳೆಯಬೇಕು. ಉಸಿರಾಡುವವರ ಆರೋಗ್ಯವನ್ನು ಪಣಕ್ಕಿಟ್ಟು ಉಳಿತಾಯ ಗಳಿಸುವುದು ಸಲ್ಲದು.

ಇನ್ನೊಂದು ಮಾತು. ಲೀಡ್ ಹಸಿರು ಪ್ರಮಾಣೀಕರಣದ 4ನೇ ಆವೃತ್ತಿ ಅನುಸರಿಸುವ 90.1ರ 2010ರ ಆವೃತ್ತಿ, ವಿನಾಯಿತಿಗಳನ್ನು ಬಿಟ್ಟರೆ, ಮುಚ್ಚಿದ ನಿಲುಗಡೆಗಳಲ್ಲಿ ಮಾಲಿನ್ಯವನ್ನು ಗುರುತಿಸಿ ಗಾಳಿಯನ್ನು ಶೇ. 50 ಅಥವಾ ಅದಕ್ಕೂ ಕೆಳಕ್ಕೆ ತಗ್ಗಿಸುವ ನಿಯಂತ್ರಣವನ್ನು ಕಡ್ಡಾಯ ಮಾಡಿದೆ. ಕಡ್ಡಾಯವಾದದ್ದನ್ನು ಪಾಲಿಸಿ ಅದಕ್ಕೆ ಅಂಕ ಕೇಳುವುದು ತರ್ಕಕ್ಕೆ ನಿಲ್ಲದು. ಪರಿಶೀಲಕರು ಪ್ರತಿ ಫ್ಯಾನಿನ ನಿತ್ಯದ ಗಾಳಿಯ ಪ್ರಮಾಣ, ಬೆಂಕಿಯ ಪ್ರಮಾಣ ಮತ್ತು ಓಡುವ ಗಂಟೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಅವು ಸಿಗುವವರೆಗೆ ಆ ಉಳಿತಾಯವನ್ನು ಒಪ್ಪಬಾರದು.