ಎಲೆ ಉದುರಿದ ಮೇಲಿನ ಮೇಪಲ್

ಜಪಾನಿನ ಮೇಪಲ್ ಎಂದೊಡನೆ ಶರತ್ಕಾಲದ ಕೆಂಪೆಲೆ, ಕ್ಯೋಟೋದ ದೇಗುಲ, ಆಸ್ಥಾನಕವಿಗಳು ನೆನಪಾಗುತ್ತಾರೆ. ಆದರೆ ಇಂದಿನ ತೋಟಗಳ ನೂರಾರು ತಳಿಗಳು ಕವಿಗಳಿಗಿಂತ ಸಸಿ ಮಾರುವವರ ಕೊಡುಗೆ ಎನ್ನಬೇಕು. ಎಡೋ, ಅಂದರೆ ಈಗಿನ ಟೋಕಿಯೊ, ನಗರದಂಚಿನ ಸೊಮೆಯಿ ಹಳ್ಳಿಯನ್ನೇ ನೋಡಿ. 1635ರ ಕಟ್ಟಳೆಯಂತೆ ಪ್ರಾಂತ್ಯಗಳ ದೊರೆಗಳು ಸರದಿಯ ಮೇಲೆ ಎಡೋದಲ್ಲಿ ವಾಸಿಸಬೇಕಿತ್ತು. 1657ರ ಮಹಾ ಅಗ್ನಿದುರಂತದ ನಂತರ ಅವರ ಮಹಲುಗಳು ಹೊರವಲಯಕ್ಕೂ ಹಬ್ಬಿದವು. ಮಹಲಿಗೊಂದು ತೋಟ, ತೋಟಕ್ಕೆ ಪಕ್ಕದವರಲ್ಲಿಲ್ಲದ ಗಿಡ! ಆ ಬೇಡಿಕೆ ಪೂರೈಸಿದ ಸೊಮೆಯಿಯ ನರ್ಸರಿ ಮನೆತನದ ಇಟೊ ಇಹೆಯಿ 1710ರಲ್ಲಿ ಹೊರತಂದ ಸಚಿತ್ರ ಗ್ರಂಥದಲ್ಲಿ 36 ಮೇಪಲ್ ತಳಿಗಳಿವೆ.

ಮೇಪಲ್‌ನ ಅಭಿರುಚಿಯನ್ನು ಮೊದಲು ಬೆಳೆಸಿದ್ದು ಕಾವ್ಯವೇ ಅಲ್ಲವೇ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಆದರೆ ಕವಿ ಮೆಚ್ಚಿದ್ದು ಇಡೀ ಬೆಟ್ಟದ ಬಣ್ಣವನ್ನು. ಸಾವಿರ ಸಸಿಗಳ ನಡುವೆ ವಿಚಿತ್ರವಾಗಿ ಹುಟ್ಟಿದ ಒಂದನ್ನು ಉಳಿಸುವುದು ಬೇರೆಯೇ ಕೆಲಸ. ಬೀಜ ಬಿತ್ತಿದರೆ ತಾಯಿಗುಣ ಬರುವ ಖಾತ್ರಿಯಿಲ್ಲ, ಕಸಿ ಕಟ್ಟಲೇಬೇಕು. ಬೆಲೆ ಸಿಗದಿದ್ದರೆ ಆ ತಾಳ್ಮೆ ಯಾರಿಗೆ? ಉದಾಹರಣೆಗೆ, ಸಾಂಗೊ-ಕಾಕು ಎಂಬ ತಳಿಯ ಎಲೆ ಶರತ್ಕಾಲದಲ್ಲಿ ಹಳದಿಯಾಗುತ್ತದೆ, ಕೆಂಪಾಗುವುದಿಲ್ಲ. ಅದರ ಸೊಬಗಿರುವುದು ಬೋಳಾದ ಮೇಲೆ: ಚಳಿ ಏರಿದಂತೆ ಎಳೆಯ ಕಡ್ಡಿಗಳ ತೊಗಟೆ ಹವಳದಂತೆ ಕೆಂಪೇರುತ್ತದೆ. ಬಲಿತ ಕೊಂಬೆಯಲ್ಲಿ ಆ ರಂಗು ಮಾಸುವುದರಿಂದ ಸವರಿ ಹೊಸ ಚಿಗುರು ಬರಿಸಬೇಕು. ಇದು ಕತ್ತರಿ ಹಿಡಿದವರ ಕಣ್ಣಿಗೆ ಬೀಳುವ ಗುಣ. ಸಸಿ ಮಾರುವವರ ಕೈಚಳಕಕ್ಕೆ ಹೊರಗಿನವರ ಸಾಕ್ಷಿಯೂ ಇದೆ. 1860ರಲ್ಲಿ ಗಿಡ ಸಂಗ್ರಹಿಸಲು ಎಡೋಗೆ ಬಂದ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್‌ಗೆ ಒಳನಾಡು ಸುತ್ತುವ ಸ್ವಾತಂತ್ರ್ಯವಿರಲಿಲ್ಲ, ನಿಜ. ಆದರೂ ಸೊಮೆಯಿಯ ನರ್ಸರಿಗಳಲ್ಲೇ ಆತನಿಗೆ ಬೇಕಾದಷ್ಟು ಹೊಸ ಗಿಡಗಳು ಸಿಕ್ಕವು.