ಲೆಕ್ಕಕ್ಕೆ ಸಿಕ್ಕವರು, ಹುಡುಕಿದರೆ ಸಿಗದವರು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಊರು ಒಂದೇ, ಸರ್ಕಾರಗಳು ಎರಡು. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷ್ ರೆಸಿಡೆಂಟರದ್ದು. 1862ರಿಂದಲೇ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಬೇರೆ ದಫ್ತರ. ಕಬ್ಬನ್ ಪಾರ್ಕಿನ ಆಚೆ ಮಲಗಿ ಈಚೆ ಕೂಲಿ ಮಾಡುವವನ ಹೆಸರು ಯಾವ ದಫ್ತರಕ್ಕೆ ಸೇರಬೇಕು? ರೋಗಕ್ಕಂತೂ ಈ ಗಡಿ ಗೊತ್ತಿರಲಿಲ್ಲ.

1949ರಲ್ಲಿ ಎರಡೂ ಸೇರಿ ಕಾರ್ಪೊರೇಷನ್ ಆಯಿತು. 2007ರಲ್ಲಿ ಕೆ.ಆರ್. ಪುರವೂ ಪಾಲಿಕೆಯೊಳಗೆ ಬಂತು. ಗಡಿ ಅಳಿಯಿತು, ದಫ್ತರಗಳು ಮಾತ್ರ ಒಂದಾಗಲಿಲ್ಲ. ಆಸ್ಪತ್ರೆಯ ಪುಸ್ತಕ, ಪಡಿತರದ ಪುಸ್ತಕ, ರಾತ್ರಿ ತಂಗುದಾಣದ ಪುಸ್ತಕ ಒಂದನ್ನೊಂದು ಮಾತನಾಡಿಸುವುದಿಲ್ಲ. ವಿಳಾಸವಿದ್ದವರಿಗೆ ಇದರಿಂದ ಅಂಥ ನಷ್ಟವೇನಿಲ್ಲ. ಇಲ್ಲದವನು ಪ್ರತಿ ಬಾಗಿಲಲ್ಲೂ ಮೊದಲಿನಿಂದ ತನ್ನ ಕಥೆ ಹೇಳಬೇಕು.

2011ರ ಫೆಬ್ರವರಿ 28ರ ರಾತ್ರಿ ಜನಗಣತಿಯವರು ಸೂರಿಲ್ಲದವರನ್ನು ಎಣಿಸಿದರು. ಫುಟ್‌ಪಾತು, ಮೇಲ್ಸೇತುವೆಯ ಅಡಿ, ಮೆಟ್ಟಿಲು, ರೈಲ್ವೆ ಪ್ಲಾಟ್‌ಫಾರಂ, ಪ್ರಾರ್ಥನಾ ಸ್ಥಳಗಳ ಆವರಣ, ಕೊನೆಗೆ ಹ್ಯೂಮ್ ಪೈಪಿನ ಒಳಗೂ ಮಲಗುವವರು ಈ ಲೆಕ್ಕಕ್ಕೆ ಬರುತ್ತಾರೆ. ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಮಂದಿ ಸಿಕ್ಕರು. ಆದರೆ ಅಂದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮುಂದೆ ಮಲಗಿದ್ದವನು ಮರುದಿನ ಹಲಸೂರಿನ ಕಡೆ ನಡೆದಿದ್ದರೆ ಅವನನ್ನು ಹುಡುಕುವ ದಾರಿ ಅದರಲ್ಲಿಲ್ಲ. ಇರಬಾರದು ಕೂಡ. 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಯ ವಿವರ ಗುಟ್ಟಾಗಿಯೇ ಇರಬೇಕು.

ಹೆಸರು ಹಿಡಿದು ಬರೆಯುವ ದಫ್ತರ ಬೇರೊಂದಿದೆ: 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ಹಿಡಿದವರನ್ನು ಒಯ್ಯುವುದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. 2010ರ ಆಗಸ್ಟಿನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಹೆಣ ಬಿದ್ದವು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ ವಿದೇಶಿಯರೆಂಬ ಗುಮಾನಿಯ ಮೇಲೆ ಕೂಲಿಗಳ ಶೆಡ್ಡುಗಳನ್ನು ಕೆಡವಲಾಯಿತು. ಅವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಗುರುತಿನ ಚೀಟಿಯೂ ಇತ್ತು. ಹೆಸರು ಕೇಳಿಕೊಂಡು ಬಂದವನ ಮುಂದೆ ಇಂಥವರು ಬಾಯಿ ಬಿಟ್ಟಾರೆಯೇ?

ಅಮೆರಿಕದ ರಾಕ್‌ಫರ್ಡ್ ನಗರದಲ್ಲಿ ಸಂಸ್ಥೆಗಳೆಲ್ಲ ಸೇರಿ ಹೆಸರುವಾರು ಒಂದೇ ಪಟ್ಟಿ ಇಟ್ಟುಕೊಂಡವು. ವರ್ಷಗಟ್ಟಲೆ ಬೀದಿಯಲ್ಲೇ ಉಳಿದವರ ಸಂಖ್ಯೆ 2017ರ ಹೊತ್ತಿಗೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಅಲ್ಲಿ ಪಟ್ಟಿ ಮಾಡಿದ್ದು ಮನೆ ಕೊಡುವುದಕ್ಕೆ. ಕಂಪ್ಯೂಟರಿನ ಮಾತು ಆಮೇಲಿನದು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. ಶಿವಾಜಿನಗರ, ಹಲಸೂರು ಕೇಂದ್ರಕ್ಕೆ ಹೋದವು, ಕೆ.ಆರ್. ಪುರ ಪೂರ್ವಕ್ಕೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೆಲಸ ಹುಡುಕುತ್ತ ನಡೆಯುವವನು ಮತ್ತೆ ಒಂದು ದಫ್ತರದಿಂದ ಇನ್ನೊಂದಕ್ಕೆ ದಾಟುತ್ತಾನೆ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಸರಿಯಿತು. ಅಲ್ಲಿಯತನಕ ಜನಗಣತಿಯ ಲೆಕ್ಕವೆಂದರೆ ಆ ಒಂದು ರಾತ್ರಿಯದೇ.